ನಗ್ಗಿದ ಡಬ್ಬಿ

ಹೌಜೆನ್ ಸಂತೆಯಲ್ಲಿ ನಾನು ಟೆಫ್ ಅಳೆಯುವವಳು.
ಗಸಗಸೆಗಿಂತ ಸಣ್ಣ ಕಾಳು, ಜೋರಾಗಿ ಉಸಿರು ಬಿಟ್ಟರೆ ಹಾರುತ್ತದೆ,
ಅದಕ್ಕೇ ನನ್ನದು ಮಾತು ಕಡಿಮೆ.
ಅಳತೆಗೆ ಒಂದು ಹಳೆಯ ತಗಡಿನ ಡಬ್ಬಿ,
ಬುಡದಲ್ಲಿ ಹೆಬ್ಬೆರಳಿನಷ್ಟು ನಗ್ಗು.
ಕೇಳಿದವರಿಗೆ, ಕತ್ತೆ ತುಳಿಯಿತು ಎನ್ನುತ್ತೇನೆ.
ಕತ್ತೆ ತುಳಿದದ್ದಲ್ಲ.

ಇಪ್ಪತ್ತು ಡಬ್ಬಿಗೆ ಒಂದು ಹಿಡಿ ನನಗೆ ಉಳಿಯುತ್ತದೆ.
ಆ ಹಿಡಿಯಲ್ಲಿ ಸಂಜೆಯ ಉಪ್ಪು, ಸೀಮೆಎಣ್ಣೆ,
ಒಮ್ಮೆ ಮೊದಲ ಮಗನಿಗೆ ಜ್ವರದ ಮಾತ್ರೆ.
ಮೂವತ್ತೊಂದು ದಿನ ಇದ್ದ.
ಗಂಡಿಗೆ ನಲವತ್ತನೆಯ ದಿನ ದೀಕ್ಷಾಸ್ನಾನ ನಮ್ಮಲ್ಲಿ.
ಒಂಬತ್ತು ದಿನ ಕಡಿಮೆ ಬಿತ್ತು.
ಆಮೇಲೆ ರಾತ್ರಿಯೆಲ್ಲ ಅದೇ ಲೆಕ್ಕ:
ಅವನ ಡಬ್ಬಿಯ ಬುಡವನ್ನು ಒತ್ತಿದವರು ಯಾರು?

ಈಗ ಹುಡುಗಿ. ಹೆಣ್ಣಿಗೆ ಎಂಬತ್ತು ದಿನ.
ಎಂಬತ್ತನ್ನೂ ಗೋಡೆಗೆ ಇದ್ದಿಲಲ್ಲಿ ಗೀಚಿದೆ,
ಕೊನೆಯ ಗೀಟು ಎಳೆಯುವಾಗ ಕೈ ನಿಲ್ಲಲಿಲ್ಲ.

ಇಗರ್ಜಿ ಇರುವುದು ಮೇಲೆ, ಬಂಡೆಯ ಹೊಟ್ಟೆಯೊಳಗೆ.
ಬುಡದಲ್ಲೇ ಚಪ್ಪಲಿ ಬಿಟ್ಟು ಹತ್ತಬೇಕು.
ಎಷ್ಟು ತಲೆಮಾರಿನ ಕಾಲು ಸವೆಸಿದ ಕುಳಿಗಳೋ,
ನನ್ನ ಹೆಬ್ಬೆರಳು ಸರಿಯಾಗಿ ಕೂರುವಷ್ಟು
ನಗ್ಗಿದೆ ಕಲ್ಲು.
ಕೂಸು ಬೆನ್ನಿಗೆ. ಹಿಂದೆ ಅದರ ಧರ್ಮತಾಯಿ ಮೆಧಿನ್,
ಕೆಳಗೆ ನೋಡಬೇಡವೇ ಎನ್ನುತ್ತಾ
ತಾನೇ ನೋಡಿ ನೋಡಿ ಅಳುತ್ತಾ.

ಒಳಗೆ ಕತ್ತಲು, ಧೂಪ, ಚಾವಣಿಯ ತುಂಬ
ದೊಡ್ಡ ಕಣ್ಣಿನ ಶಿಷ್ಯರು.
ಕೆಶಿ ಹಾಡ್ಗು, ನಮ್ಮ ಪಾದ್ರಿ, ಒಂದು ಕಣ್ಣಿಗೆ ಪೊರೆ.
ಪಕ್ಕದಲ್ಲಿ ಒಂದೇ ಸೋರೆಬುರುಡೆ ನೀರು,
ಕೆಳಗಿನ ಬಾವಿಯಿಂದ ಹೊತ್ತು ತಂದದ್ದು.
ಕಣ್ಣಲ್ಲೇ ಅಳೆದೆ, ಅಭ್ಯಾಸ ಬಿಡುತ್ತದೆಯೇ:
ನಾಲ್ಕು ಮಕ್ಕಳಿಗೆ ಸಾಕು, ಐದನೆಯದಕ್ಕೆ ಕಷ್ಟ.
ಅವತ್ತು ಆರು ಮಕ್ಕಳು. ನಮ್ಮದು ಕೊನೆ.

ಮುದುಕನೋ ಲೆಕ್ಕವೇ ಇಲ್ಲದೆ ಸುರಿಯುತ್ತಾನೆ!
ಮೊದಲ ಕೂಸಿಗೇ ನೆಲವೆಲ್ಲ ಒದ್ದೆ.
ನನ್ನ ಹಲ್ಲು ಕಚ್ಚಿಕೊಂಡಿತು.
ನಮ್ಮ ಸರದಿಗೆ ಬುರುಡೆ ಬೋರಲು ಬಿತ್ತು,
ಸಿಕ್ಕಿದ್ದು ಮೂರು ಬೊಗಸೆ, ಮೂರನೆಯದು ಬರಿಯ ತೊಟ್ಟು.
ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ
ಮಗಳು ಕಿರುಚಿದಳು. ವೆಲೆತೆ ಹಿವೆತ್, ಜೀವದ ಮಗಳು.
ಕುತ್ತಿಗೆಗೆ ದಾರ ಬಿತ್ತು.

ಆಗ ಕೇಳಿಬಿಟ್ಟೆ. ಇನ್ನೊಬ್ಬನಿದ್ದ, ಕೆಶಿ.
ಮೆಹರಿ ಅಂತ ನಾನೊಬ್ಬಳೇ ಕರೆಯುತ್ತಿದ್ದೆ.
ಒಂಬತ್ತು ದಿನ ಸಾಲಲಿಲ್ಲ.
ಅವನ ಪಾಲು ಎಲ್ಲಿಯಾದರೂ ಉಳಿದಿದೆಯೇ?

ಪೊರೆಯ ಕಣ್ಣನ್ನೇ ನನ್ನತ್ತ ತಿರುಗಿಸಿದ.
ಪಾಲೇ? ಮುಗಿದುಹೋಗುವುದನ್ನಲ್ಲವೇ ಮಗಳೇ
ಪಾಲು ಮಾಡುವುದು.
ಅಷ್ಟೇ. ಬುರುಡೆ ತೊಳೆಯಲು ಎದ್ದ,
ತೊಳೆಯಲು ನೀರೆಲ್ಲಿ, ಅಂಗಿಯಲ್ಲೇ ಒರೆಸಿಕೊಂಡ.

ಸಿಟ್ಟು ಬಂತು ನನಗೆ. ಅರ್ಥವಾಯಿತು ಎನ್ನಲಾರೆ.
ಬಾಗಿಲ ಹೊರಗೆ ಒಂದು ಮೊಳ ಕಲ್ಲು, ಆಚೆ ಬರಿಯ ಗಾಳಿ.
ಮಗಳ ಕೂದಲಿನಿಂದ ಒಂದು ಹನಿ ಜಾರಿ
ಕಣಿವೆಗೆ ಹೋಯಿತು.
ಎಲ್ಲಿ ಬಿತ್ತೆಂದು ನೋಡುತ್ತಲೇ ನಿಂತೆ,
ಬಾರ್ಲಿಯ ಹೊಲ, ಒಣಗಿದ ಹಳ್ಳ, ಸ್ಮಶಾನದ ದೇವದಾರು,
ಇಷ್ಟೇ ಇಷ್ಟು ಕಾಣುವ ನಮ್ಮ ಸಂತೆ.
ಎಲ್ಲಿಯೂ ಬೀಳಲಿಲ್ಲವೇನೋ.
ಎಲ್ಲ ಕಡೆಯೂ ಬಿತ್ತೇನೋ.

ಬುಧವಾರ ಡಬ್ಬಿಯನ್ನು ತಗಡಿನವನಿಗೆ ಕೊಟ್ಟೆ.
ಬಡಿದ, ಬೈದ, ಮತ್ತೆ ಬಡಿದ.
ಬುಡ ಪೂರ್ತಿ ಏಳಲಿಲ್ಲ.
ಅದಕ್ಕೇ ಪ್ರತಿ ಡಬ್ಬಿಯ ಮೇಲೂ ಒಂದು ಹಿಡಿ,
ಅದರ ಮೇಲೆ ಇನ್ನೊಂದು.
ಗಿರಾಕಿ ಅಬ್ರೆಹೆತ್ ಹುಬ್ಬು ಗಂಟಿಕ್ಕಿದಳು:
ಹುಳ ಬಿದ್ದಿದೆಯೇನೇ ಕಾಳಿಗೆ, ಸುಮ್ಮನೆ ಸುರೀತೀಯಲ್ಲ?
ಮೂಸಿದಳು, ಹಲ್ಲಿನಲ್ಲಿ ಕಡಿದಳು,
ಅನುಮಾನದಲ್ಲೇ ಸೆರಗು ಚಾಚಿದಳು.

ಮೂಟೆಯ ಮೇಲೆ ಮಗಳು, ಕೊರಳ ದಾರ ಬಾಯಲ್ಲಿ.
ಮೊದಲ ಹಿಡಿ ನಗ್ಗಿಗೆ.
ಎರಡನೆಯದು ಯಾರ ಹೆಸರಿಗೆಂದು ಅವಳಿಗೆ ಹೇಳಲಿಲ್ಲ.
ಸಂಜೆಗೆ ಮನೆಯಲ್ಲಿ ಉಪ್ಪಿಲ್ಲ.
ಹನ್ನೊಂದನೆಯ ಡಬ್ಬಿಗೆ ಎಣಿಕೆ ತಪ್ಪಿತು,
ತಪ್ಪಲಿ ಎಂದು ಬಿಟ್ಟೆ.