ಬಾಯಿ ಬಿಟ್ಟರೆ

ಪಂಜಕೆಂತ್ ಪೇಟೆಬೀದಿ, ಮಹಡಿಯ ಮೇಲೆ ನನ್ನ ಕೋಣೆ.
ಕೆಳಗೆ ರೊಟ್ಟಿಯಂಗಡಿ. ಹಾಗಾಗಿ ನನ್ನ ಡ್ರಿಲ್ಲಿಗೂ
ಸುಟ್ಟ ಎಳ್ಳಿನ ವಾಸನೆ.

ಕುರ್ಚಿಗೆ ಒರಗುವ ಮುಂಚೆ ಎಲ್ಲರೂ ಕೇಳುವುದು ಒಂದೇ:
ನೋವಾಗುತ್ತಾ?
ಇರುವೆ ಕಚ್ಚಿದಷ್ಟು, ಅನ್ನುತ್ತೇನೆ.
ಆಮೇಲೆ ಬೆಲೆ. ಆಮೇಲೆ, ಎಷ್ಟು ವರ್ಷ ಬಾಳುತ್ತೆ?
ಹತ್ತು, ಹದಿನೈದು. ಬಾದಾಮಿಯನ್ನು ಹಲ್ಲಲ್ಲೇ ಒಡೆಯುವವರಾದರೆ
ಬರುವ ಶುಕ್ರವಾರದವರೆಗೆ.
ಬಿಳುಪು ಮಾಡಿಸಿದರೆ ಹಲ್ಲು ಸವೆಯುತ್ತಾ?
ಇಲ್ಲ, ನಾಲ್ಕು ದಿನ ಜುಮ್ಮೆನ್ನುತ್ತೆ; ಚಹಾ ಬಿಡಬೇಕು.
ಚಹಾ ಅಂದದ್ದೇ ಅರ್ಧ ಜನ ಎದ್ದು ಹೋಗುತ್ತಾರೆ.

ಸದ್‌ಬರ್ಗ್ ಬೀಬಿ ಹೋಗಲಿಲ್ಲ.
ಅರವತ್ತೆರಡು. ಸಂತೆಯಲ್ಲಿ ಒಣ ಜರದಾಳು ಮಾರುವಾಕೆ,
ಮೇಲ್ದವಡೆಯಲ್ಲಿ ಸಾಲಾಗಿ ಎಂಟು ಚಿನ್ನ.
ಅವಳು ನಕ್ಕರೆ ಗಿರಾಕಿ ತಕ್ಕಡಿ ನೋಡುವುದನ್ನೇ ಮರೆಯುತ್ತಿದ್ದ.

"ತೆಗೆದುಬಿಡು ಮಗಳೇ. ಮೊಮ್ಮಗಳ ಮದುವೆ.
ಫೋಟೋದಲ್ಲಿ ಹುಡುಗಿಗಿಂತ ಮೊದಲು
ನನ್ನ ಬಾಯಿ ಕಾಣುತ್ತಂತೆ."

ಬಣ್ಣದ ಪಟ್ಟಿ ತೆಗೆದೆ: ಹದಿನಾರು ಹಲ್ಲು, ಹದಿನಾರು ಬಿಳುಪು.
ಒಂದೊಂದನ್ನೂ ತುಟಿಗೆ ಹಿಡಿದು ಕನ್ನಡಿ ಕೊಟ್ಟೆ.
ಮೊದಲನೆಯದು? "ಹೊಸ ಕಕ್ಕಸಿನ ಬೋಗುಣಿ."
ಮೂರನೆಯದು? "ಸೀಮೆಸುಣ್ಣ ತಿಂದವಳು."
"ನಲವತ್ತು ವರ್ಷ ಹಸಿರು ಚಹಾ ಕುಡಿದವಳ ಬಿಳುಪು
ಇಲ್ಲವಾ ಇದರಲ್ಲಿ?"
ಇತ್ತು, ಕೊನೆಯ ಕಡೆ. ಯಾರೂ ಕೇಳದ್ದಕ್ಕೆ
ಅದರ ಅಂಕಿಯೊಂದು ಮಾಸದೆ ಉಳಿದಿತ್ತು.

ಆಮೇಲೆ ದನಿ ತಗ್ಗಿಸಿದಳು:
"ಚಿನ್ನದ ಕೆಳಗೆ ಏನಿದೆ?"

ನಿಮ್ಮದೇ ಹಲ್ಲು, ಎಂದೆ. ಉಜ್ಜಿ ಅಕ್ಕಿಕಾಳು ಮಾಡಿರುತ್ತಾರೆ.
"ಒಂದೂ ಹುಳುಕಿರಲಿಲ್ಲ. ಹತ್ತೊಂಬತ್ತು ನನಗೆ.
ಮದುವೆಯಾದ ವಸಂತ, ಗಂಡ ಸಮರ್ಕಂದಿಗೆ ಕರೆದೊಯ್ದು ಹಾಕಿಸಿದ.
ಎರಡು ಟಗರು ಮಾರಿದ್ದ.
ನೋವಾಗುತ್ತಾ ಅಂತ ಯಾರನ್ನು ಕೇಳಲಿ?
ಊರಿಗೆ ಬಂದ ಮೇಲೆ ಎಲ್ಲರೂ ಬಾಯಿ ತೆರೆ ಅಂದರು, ತೆರೆದೆ."

ಒಂದೊಂದಾಗಿ ಸೀಳಿ ತೆಗೆದೆ. ತಟ್ಟೆಗೆ ಬಿದ್ದ ಸದ್ದು
ಐದರದ್ದು ಒಂದು ಬಗೆ, ಮೂರರದ್ದು ಇನ್ನೊಂದು.
ಸೀಳಿದಲ್ಲಿ ಆ ಮೂರರೊಳಗೆ ಬೂದಿ ಬಣ್ಣ.
ಉಕ್ಕು. ಮೇಲೊಂದು ತೆಳ್ಳನೆ ಹೊಳಪು.

ರೋಗಿ ಕೇಳಿದ್ದಕ್ಕೆ ನಿಜ ಹೇಳು ಎಂದು ಕಲಿಸಿದ್ದರು.
ಕೇಳದ್ದಕ್ಕೆ ಏನು ಹೇಳಬೇಕೆಂದು ಯಾವ ಪಾಠದಲ್ಲೂ ಇರಲಿಲ್ಲ.
ತಾತ್ಕಾಲಿಕ ಹಲ್ಲುಗಳನ್ನು ಕೂರಿಸಿದೆ, ಸುಮ್ಮನೆ.

ಬಾಯಿ ಮುಕ್ಕಳಿಸಿ, ಉಗಿದು, ತುಟಿ ಒರೆಸಿಕೊಂಡು ಕೇಳಿದಳು:
"ಎಂಟೂ ಚಿನ್ನವೇ ತಾನೆ?"

ಕಿಟಕಿಯಾಚೆ ಝರಫ್ಶಾನ್. ಚಿನ್ನ ಚೆಲ್ಲುವ ಹೊಳೆ ಅಂತ ಹೆಸರು;
ಹುಟ್ಟಿದಾಗಿನಿಂದ ನೋಡಿದ್ದೇನೆ, ಬರೀ ಕೆಸರು, ಮರಳು.
ಐದು, ಎಂದೆ.

ಮರಗಟ್ಟಿದ ತುಟಿಯಲ್ಲಿ ನಕ್ಕಳು, ಅರ್ಧ ಮುಖ ಮಾತ್ರ.
"ಗೊತ್ತು. ಮೂರನೇ ಚಳಿಗಾಲದಿಂದಲೇ ಗೊತ್ತು.
ಆ ಕಡೆ ಚಹಾ ಆರಿದರೆ ಕಬ್ಬಿಣದ ರುಚಿ.
ಎರಡು ಟಗರಿಗೆ ಎಂಟು ಹೇಗೆ ಬಂದಾವು?
ಅವನು ಹೋಗುವವರೆಗೆ ನಾನು ಬಾಯಿ ಬಿಡಲಿಲ್ಲ.
ನೀನು ಏನೆನ್ನುತ್ತೀಯೋ ನೋಡಬೇಕಿತ್ತು."

ಐದನ್ನು ಲಕೋಟೆಗೆ ಹಾಕಿದೆ, ಮೊಮ್ಮಗಳ ಕಿವಿಗೆ.
ಮೂರನ್ನು ಅವಳೇ ಎತ್ತಿ ತಲೆವಸ್ತ್ರದ ತುದಿಗೆ ಗಂಟು ಹಾಕಿದಳು;
ಹಲ್ಲಿನಿಂದ ಎಳೆದು ಬಿಗಿಯಲು ಹೋದವಳು
ನೆನಪಾಗಿ ನಿಂತಳು.
"ಇದರಲ್ಲಿ ಗಂಟು ಎಳೆಯಬಹುದಾ?"
ಬೇಡ, ಎರಡು ವಾರ.
"ಹಾಗಾದರೆ ನೀನೇ ಬಿಗಿ."