ಬಸ್ ಟಿಕೀಟಿನಷ್ಟು ಸಂದು

ಶನಿವಾರ ಲೇಥ್ ಒರಸಿ, ಚೂರು ಗುಡಿಸಿ,
ಶಟರ್ ಅರ್ಧಕ್ಕ ಇಳಿಸಿದ ಮ್ಯಾಲ
ಉದ್ಯಮಬಾಗ ಒಂದೀಟು ಉಸಿರು ಬಿಡತೈತಿ.
ಹಳೇ ಬನಿಯನ್ ಹಾಸಿ
ಬಗ್ಗೀನ ಅಂಗಾತ ಮಲಗಸ್ತೀನಿ,
ನಾಕೂ ಗಾಲಿ ಮ್ಯಾಲ.
ಮೊಳಕ್ಕ ಎರಡು ಬಟ್ಟು ಕಮ್ಮಿ ಉದ್ದ.
ನೋಡಿದವರು ರಿಮೋಟಿನ ಆಟಿಗಿ ಅಂತಾರ.
ಅನ್ನಲಿ. ಆಟಿಗಿಗೆ ಡಿಫರೆನ್ಷಿಯಲ್ ಇರಂಗಿಲ್ಲ.

ಮೊದಲು ಮಣ್ಣು.
ನೀರು ಬ್ಯಾಡ, ಬೇರಿಂಗ್ ಸಾಯತಾವ,
ಹಲ್ಲುಜ್ಜೂ ಬ್ರಷ್ ಸಾಕು, ಒಣಾದು.
ಯಾವ ಸಂದ್ಯಾಗ ಯಾವ ಮಣ್ಣು ಅಂತ ನೋಡಿದ್ರ
ಹೋದ ತಿಂಗಳದ್ದೆಲ್ಲಾ ಬರದಿಟ್ಟಂಗ:
ತೋಳಿನ ಮ್ಯಾಲ ಮಸಾರಿ, ಮಚ್ಛೆ ಕಡೆ ಅಭ್ಯಾಸದ್ದು;
ಶಾಕಿನ ಬುಡಕ ಎರಿ, ಸಾಂಬ್ರಾ ರಸ್ತೆ ಬೀಳು ಹೊಲದ್ದು,
ಅಲ್ಲೇ, ಮೂರನೇ ತಿರುವಿನ್ಯಾಗ,
ನಾ ಹೊಳ್ಳಿ ಬಿದ್ದದ್ದು.

ಬೇರಿಂಗ್ ಒಂದೊಂದನ್ನ ಪಿನ್ನಿಗೆ ಏರಿಸಿ ತಿರುವಿ
ಕಿವಿ ಹತ್ರ ಹಿಡೀತೀನಿ.
ಚಲೋದು ಏನೂ ಅನ್ನೂದಿಲ್ಲ.
ಕೆಟ್ಟದ್ದು, ಅನ್ನದಾಗ ಹಳ್ಳು ಕಡದಂಗ.

ಶಾಕಿಗೆ ಎಣ್ಣಿ ಹಾಕೂ ಹೊತ್ತಿನ್ಯಾಗ ಮಾತಾಡಂಗಿಲ್ಲ.
ಪಿಸ್ಟನ್ ಸಾವಕಾಶ ಮ್ಯಾಲ, ಸಾವಕಾಶ ಕೆಳಗ,
ಒಳಗಿನ ಗುಳ್ಳಿ ಒಂದೊಂದಾಗಿ ಏಳಬೇಕು,
ಎದ್ದು ಒಡೀಬೇಕು.
ಅವಸರ ಮಾಡಿದ್ರ ಒಳಗ ಉಳೀತಾವ,
ಮೇಜಿನ ಮ್ಯಾಲ ಸುಮ್ನಿರತಾವ,
ಜಿಗಿದು ನೆಲ ಮುಟ್ಟೂ ಹೊತ್ತಿಗೆ ಹೇಳತಾವ.
ಜಿನ್ನಪ್ಪ ಕಾಕಾ ಭಟ್ಟಿ ಮುಂದ ಬೆವರು ಒರಸ್ಕೊಂತ
ಎರಕದ ತೂತು ತೋರಸ್ತಿದ್ದ:
ಗಾಳಿ ಕಬ್ಬಿಣದಾಗೂ ಅಡಗಿ ಕುಂದ್ರತೈತಿ, ತಮ್ಮಾ,
ಇನ್ನ ಎಣ್ಣ್ಯಾಗ ಬಿಟ್ಟೀತೇನು?

ಮೋಟರಿನ ಸಣ್ಣ ಗೇರು, ನಡುವಿನ ದೊಡ್ಡ ಗೇರು,
ಎರಡರ ಹಲ್ಲಿಗೂ ನಡಕ ಸಂದು ಎಷ್ಟಿರಬೇಕು?
ಹಿರೇಬಾಗೇವಾಡಿ ಬಸ್ ಟಿಕೀಟಿನಷ್ಟು.
ಟಿಕೀಟು ತುರುಕಿ, ಮೋಟರ್ ಒತ್ತಿ, ಸ್ಕ್ರೂ ಬಿಗದು
ತಿರುವಿದ್ರ ಹೊರಗ ಬರಬೇಕು
ನಿರಗಿ ಹಿಡದಂಗ, ಹರೀಲಾರದಂಗ.
ಹರದ್ರ ಬಿಗಿ ಆತು.
ಸುಮ್ನ ಜಾರಿ ಬಂದ್ರ ಸಡ್ಲ.
ಒಮ್ಮೆ ಚೆಕಿಂಗಿನವ ಬಂದಾಗ
ಕಿಸೇದಾಗಿಂದ ಹಿಂದಿನ ದಿನದ್ದು ಕೈಗೆ ಬಂತು.
ಯಾರ್ ಕಡದಾರೋ ಇದನ್ನ ಅಂದ.
ಎಪ್ಪತ್ತೆಂಟು ಹಲ್ಲಿನಾಂವ ರೀ, ಅಂದೆ.
ಬಸ್ಸಿನ್ಯಾಗ ಯಾರೂ ನಗಲಿಲ್ಲ.

ಹಿಂದಿನ ಗಾಲಿ ತಲಿ ಒಳಗ ವಾಲಿಸಿ,
ಕಾಲು ಸುತ್ತು, ಮತ್ತ ಕಾಲು ಸುತ್ತು,
ಕೋನ ಅಳದು, ಬಿಟ್ಟು, ಅಳದು,
ಹನ್ನೊಂದಾತು ರಾತ್ರಿ.

ರವಿವಾರ ಹೊಲದ ಕಟ್ಟಿ ಮ್ಯಾಲ ನಿಂತು ಓಡಿಸಿದೆ.
ಅರ್ಧ ಸೆಕೆಂಡಿನ್ಯಾಗ ಫೈನಲ್ ತಪ್ಪಿತು.
ನನ್ನ ಜಾಗಾಕ್ಕ ಹೋದಾಂವ ಕಡೋಲಿ ಭರಮಾ.

ಈ ಆಟದ್ದೊಂದು ಕಾನೂನು ಐತಿ:
ನಿನ್ನ ಓಟ ಮುಗೀತಂತ ಮನೀಗೆ ಹೋಗಂಗಿಲ್ಲ.
ತಿರುವಿನ್ಯಾಗ ನಿಂತು, ಮುಂದಿನವರ ಗಾಡಿ ಮಗಚಿದ್ರ
ಓಡಿ ಹೋಗಿ ನೆಟ್ಟಗ ಇಡಬೇಕು.
ಮೂರನೇ ತಿರುವು ನನಗ ಬಂತು.
ಎರಡನೇ ಸುತ್ತಿನ್ಯಾಗ ಭರಮಾನ ಗಾಡಿ
ನನ್ನ ಚಪ್ಪಲಿ ಮುಂದ ಅಂಗಾತ.

ಎತ್ತಿದೆ. ಗಾಲಿ ಇನ್ನೂ ತಿರಗತಿದ್ವು,
ಹಿಡದ ಗುಬ್ಬಿಯಂಗ ಅಂಗೈಯಾಗ ನಡುಗು.
ಎಡಗಡೆ ಶಾಕಿನ ತುದಿ
ಗುಂಡಿನಿಂದ ಕಳಚಿ ಜೋತಾಡತಿತ್ತು.
ಹಂಗ ಇಟ್ಟಿದ್ರ ನನ್ನನ್ನ ಕೇಳೂರಿಲ್ಲ,
ನೆಟ್ಟಗ ಇಡೂದಷ್ಟ ನನ್ನ ಕೆಲಸ.
ಇದು ತಲೀಗೆ ಹೊಳಿಯೂದ್ರಾಗ
ಹೆಬ್ಬೆಟ್ಟು ಒತ್ತಿಬಿಟ್ಟಿತ್ತು.
ಟಕ್.
ಇಪ್ಪತ್ತು ವರ್ಷದ ಚಟ, ನನ್ನ ಮಾತು ಕೇಳಂಗಿಲ್ಲ.

ಭರಮಾ ಎರಡನೇದಾಂವ ಬಂದ.
ಆಮ್ಯಾಲ ಎಲ್ಲಾರಿಗೂ ಚಹಾ ಕುಡಸಿದ,
ನನಗೂ.
ಅಂವಗ ಗೊತ್ತಿಲ್ಲ. ನಾ ಹೇಳಿಲ್ಲ.
ಚಹಾದಾಗ ಸಕ್ಕರಿ ಜಾಸ್ತಿ ಇತ್ತು.

ರಾತ್ರಿ ಬ್ಯಾಟರಿ ಅರ್ಧಕ್ಕ ಇಳಿಸಿ
ಮಣ್ಣಿನ ಗಡಗ್ಯಾಗ ಇಟ್ಟೆ;
ತುಂಬಿಸಿ ಇಟ್ರ ಉಬ್ಬತಾವ.
ಸೋಮವಾರ ಮುಂಜಾನೆ ಕಂಡಕ್ಟರ್ ಕೊಟ್ಟ ಟಿಕೀಟು
ಮಡಚಲಿಲ್ಲ.
ನೆಟ್ಟಗ ಕಿಸೇದಾಗ ಇಟಗೊಂಡೆ.