ಹದಿನಾಲ್ಕು ಸೆಂಟಿಮೀಟರು

ಕೊಕ್ಕರೆಗಳು ಹೊರಟುಹೋದ ವಾರ
ಓಕ್ ಹಲಗೆ ಹಿಯುಮಾ ದ್ವೀಪಕ್ಕೆ ಬಂದಿಳಿಯಿತು, ಬೆಳಗಿನ ಹಡಗಿನಲ್ಲಿ.
ಮೂರು ದಿನ ಅಡುಗೆಮನೆಯಲ್ಲೇ ಮಲಗಿರಲಿ ಅಂದೆ,
ಹೊಸ ಮನೆಯ ಗಾಳಿ ಮರಕ್ಕೂ ಒಗ್ಗಬೇಕು.
ಹಿಲ್ಲರ್ ಅದನ್ನು ದಾಟಿ ದಾಟಿ ಕಾಫಿ ಕಾಸಿದ,
ನೆಂಟರು ಮಲಗಿದ್ದಾರೇನೋ ಎಂಬಂತೆ, ಮೆಲ್ಲಗೆ.

ಹಳೆಯ ಕಟ್ಟೆ ಎಂಬತ್ತೆರಡು ಸೆಂಟಿಮೀಟರು:
ವಿರ್ವೆಯ ಮೊಣಕೈ ಅಳತೆ.
ಅವನೋ ಪ್ರತಿ ಬಾಗಿಲಿಗೂ ತಲೆ ತಗ್ಗಿಸುವ ಆಳು.
ಮೂವತ್ತೊಂದು ವರ್ಷ ಪಾತ್ರೆ ತೊಳೆದವನು ಅವನೇ,
ಬೆನ್ನು ಕುಡುಗೋಲಾಗಿ.
"ಅವನ ಎತ್ತರಕ್ಕೇ ಇಡು," ಅಂದಳು.
"ಬೇಡ, ಇದ್ದಷ್ಟೇ ಇರಲಿ," ಅಂದ.
ಅಳತೆಪಟ್ಟಿ ಹಿಡಿದು ನಡುವೆ ನಾನು, ಬಡಗಿ ಹೆಂಗಸು.
ಕಟ್ಟೆ ಇಬ್ಬರದು, ಬೆನ್ನು ಅವನೊಬ್ಬನದು.
ತೊಂಬತ್ತಾರಕ್ಕೆ ಪೆನ್ಸಿಲ್ ಗೀಟು ಹಾಕಿದೆ.

ಗೋಡೆ ಮೂಲೆಮಟ್ಟಕ್ಕಿಲ್ಲ, ಯಾವ ಮನೆಯದೂ ಇರುವುದಿಲ್ಲ.
ರಸಮಟ್ಟದ ಗುಳ್ಳೆ ಎಡಕ್ಕೇ ಓಡುತ್ತದೆ.
ಕೆಳಗೊಂದು ಚೆಕ್ಕೆ, ಇನ್ನೊಂದು ಚೆಕ್ಕೆ,
ಗುಳ್ಳೆ ಗೆರೆಗಳ ನಡುವೆ ಬಂದು ಕೂತಿತು.
ತಿರುಪಿಗೆ ದುಂಡು ತೂತು ಸಾಲದು, ಉದ್ದ ಗಂಡಿ ಬೇಕು.
ಬೇಸಿಗೆಯಲ್ಲಿ ಹಿಗ್ಗುತ್ತದೆ, ಒಲೆ ಉರಿವ ಚಳಿಗಾಲಕ್ಕೆ ಕುಗ್ಗುತ್ತದೆ,
ಬಿಗಿದರೆ ಸೀಳು.
ಹಿಡಿದಿರಬೇಕು, ಜರುಗಲು ಬಿಡಬೇಕು.
ಇದನ್ನು ಹೇಳಿದಾಗ ಇಬ್ಬರೂ ಕಿಟಕಿಯಾಚೆ ನೋಡಿದರು.

ಕುಡಿಯೊಡೆಯುವುದ ಮರೆತ ಮರ
ಕುಡಿಯುವುದ ಮರೆತಿಲ್ಲ.
ಅಗಸೆ ಎಣ್ಣೆಯ ಮೊದಲ ಕೈ ಹಚ್ಚಿದ್ದೇ ಮಾಯ.
ತುದಿಯ ಅಡ್ಡಕೊಯ್ತವಂತೂ ಮಹಾ ಕುಡುಕ,
ಮೂರು ಸಲ ಕೇಳಿತು, ನಾಲ್ಕು ಸಲ ಕೊಟ್ಟೆ.
ಅಡಿಬದಿಗೂ ಹಚ್ಚಿದೆ.
"ಅದನ್ನು ಯಾರು ನೋಡುತ್ತಾರೆ?" ವಿರ್ವೆ ಕೇಳಿದಳು.
ಹಬೆ ನೋಡುತ್ತದೆ ಅಂದೆ.
ಒಂದೇ ಮಗ್ಗುಲು ಕುಡಿದ ಹಲಗೆ
ದೋಣಿಯಂತೆ ಬಾಗೀತು.

ದಿನಕ್ಕೊಂದು ಕೈ, ನಡುನಡುವೆ ಉಜ್ಜುಕಾಗದ.
ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬಾರದು,
ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ.
ಹಿಲ್ಲರ್ ಬಲೆ ಒಣಹಾಕುವ ಹಗ್ಗದ ಮೇಲೆ ಹರವಿದ:
ಮೀನುಗಳ ಪಕ್ಕ ಏಳು ಹಳದಿ ಬಾವುಟ.

ಉಳಿದದ್ದು, ಸಿಂಕಿಗೆಂದು ಕೊಯ್ದು ತೆಗೆದ ತುಂಡು.
ಒಲೆಗೆ ಹಾಕೋಣವೆ ಅಂದೆ.
ಉತ್ತರ ಕೊಡದೆ ಕಂಕುಳಲ್ಲಿ ಅವಚಿಕೊಂಡು
ಸೌನಾದ ಹಿಂದಿನ ಕೊಟ್ಟಿಗೆಗೆ ಹೋದ.
ಗರಗಸದ ಸದ್ದು. ಬೈಗುಳ. ಮತ್ತೆ ಗರಗಸ.

ಎಂಟನೆಯ ದಿನ ಬಾಕಿ ಹಣಕ್ಕೆಂದು ಹೋದೆ.
ಕಟ್ಟೆಯ ಮೇಲೆ ಒಂದು ಹನಿ ನೀರು ಚಿಮುಕಿಸಿದೆ,
ಗುಂಡಗೆ ನಿಂತಿತು, ಇಂಗಲಿಲ್ಲ.
ವಿರ್ವೆ ರೈ ಹಿಟ್ಟು ನಾದುತ್ತಿದ್ದಳು,
ಮೊಣಕೈ ಇರಬೇಕಾದಲ್ಲೇ ಇತ್ತು.
ಕಾಲಡಿ ನೋಡಿದೆ: ಅದೇ ಓಕ್, ನಾಲ್ಕು ಸೆಂಟಿಮೀಟರು ದಪ್ಪ,
ಅದಕ್ಕೆ ಹತ್ತರ ಕಾಲುಗಳು.
ಒಂದು ಕಾಲು ತುಸು ಗಿಡ್ಡ,
ಅವಳು ನಾದಿದಾಗಲೆಲ್ಲ ಟಕ್, ಟಕ್.

ಸರಿಪಡಿಸಿ ಕೊಡಲೆ ಅಂದೆ.
"ಮುಟ್ಟಬೇಡ," ಅಂದಳು,
"ಅಡಿಬದಿಗೂ ಎಣ್ಣೆ ಹಚ್ಚಿದ್ದಾನೆ."